ಹೆಸರಿನ ಎರಡು ಲಾಟು

ಐತವಾರ ಗದಗಿನ ಎಪಿಎಂಸಿ ಯಾರ್ಡಿನಾಗ
ಹರಾಜಿಲ್ಲ, ಹಮಾಲರ ಕೂಗಿಲ್ಲ,
ಚೆಲ್ಲಿದ ಕಾಳು ಆರಿಸೂ ಪಾರಿವಾಳಷ್ಟ.
ದಲಾಲಿ ಅಂಗಡಿ ಕೀಲಿಕೈ ನನ್ನ ಉಡದಾರದಾಗ.
ಶೆಟರ್ ಮೊಣಕಾಲ ಮಟ ಎತ್ತಿ
ಬಗ್ಗಿ ಒಳಗ ಹೋಗ್ತೇವಿ ಮೂರೂ ಮಂದಿ.
ನನಗ ಆ ಬಗ್ಗೂದ ಒಂದು ವ್ಯಾಯಾಮ.

ಚೀಲ ತೂಗೂ ಕಾಟಾದ ಮ್ಯಾಲೆ ಮದ್ಲ ನಾನು.
ಚಪ್ಪಲಿ ಬಿಡು, ಅಂತಾನ ದಾವಲ.
ಮೊಬೈಲ್ ತಗಿ. ಉಸರು ಹಿಡೀಬ್ಯಾಡ ಮಾರಾಯಾ,
ಗಾಳಿಗೆ ತೂಕಿಲ್ಲ.
ಒಂದು ಕ್ವಿಂಟಲ್, ನಾಕು ಕೇಜಿ.

ಆಮ್ಯಾಲೆ ತುಳಜನಸಾ, ಬೆಟಗೇರಿಯ ಮಗ್ಗದಾಂವ.
ಒಂಬತ್ತು ವರ್ಷ ಜೋಡಿಗಿದ್ದಾಂವ ಲಗ್ನಾದ ದಿನದಿಂದ
ಗಂಗಾಳ ಕಂಡ್ರ ಮಾರಿ ತಿರಗಸ್ತಿದ್ದ.
ಮದುಮಗಳ ಸೀರಿ ನೇಯ್ದು ಕೊಟ್ಟಾಂವನೂ ಇವನ.
ನಲವತ್ತಾರು. ಅರ್ಧ ಚೀಲಕ್ಕೂ ಕಮ್ಮಿ.

ದಾವಲ ಕಾಟಾ ಹತ್ತೂದಿಲ್ಲ.
ಮುಳಗುಂದದ ತಾಲೀಮಿನಾಗ
ಹದಿನಾಲ್ಕು ವರ್ಷ ಕೆಂಪಮಣ್ಣು ತಿಂದ ಮೈ ಅದು.
ಗೊತ್ತಾದ ದಿನ ಉಸ್ತಾದ
ಅವನ ಲಂಗೋಟಿ ಬಡಗೀಲೆ ಎತ್ತಿ ಹೊರಗ ಒಗದಿದ್ದ,
ಕೈಯಿಂದ ಮುಟ್ಟಿರಲಿಲ್ಲ.
ಈಗ ನಮಗ ಅಂವನ ಉಸ್ತಾದ.
ಚೀಲದ ಥಪ್ಪಿಗಳ ನಡುವ ಐದು ದಂಡ, ಹತ್ತು ಬೈಠಕ್.
ಬೆನ್ನ ಮ್ಯಾಲೆ ಅಂಗೈ ಇಟ್ಟು ಸಾವಕಾಶ, ಅಂತಾನ.
ಹಂಗ ಯಾರೂ ಕೈ ಇಟ್ಟಿರಲಿಲ್ಲ ನನಗ.
ಹುಬ್ಬಳ್ಳಿ ಲಾಡ್ಜಿನಾಗ ಒಬ್ಬಾಂವ,
ನಾ ಅಂಗಿ ಗುಂಡಿ ಬಿಚ್ಚೂ ಹೊತ್ತಿಗೆ
ಎದ್ದು ಹೋಗಿ ಲೈಟು ಆರಿಸಿದ್ದ.
ಅವತ್ತಿನಿಂದ ನಾ ಜಳಕಾನೂ ಕತ್ತಲದಾಗ.

ತೂಕ ಎಲ್ಲಿ ಬರೀಬೇಕು?
ಮೊಬೈಲಿನ ತುಂಬ ತಂಗಿ ಮಕ್ಕಳ ಬೆರಳು.
ಅಂಗಡಿ ಕೀರ್ದಿ ಪುಸ್ತಕದ ಹಿಂದಿನ ಹಾಳಿಗೆ ಗೆರಿ ಎಳದೆ:
ತಾರೀಖು, ಮಾಲು, ತೂಕ.
ಮಾಲು ಅಂಬೂದರ ಕೆಳಗ ಪೆನ್ನು ನಿಂತಿತು.
ಎದುರಿಗಿದ್ದ ಚೀಲ ನೋಡಿ ಬರದೆ,
ಹೆಸರು, ಲಾಟ್ ಒಂದು. ಹೆಸರು, ಲಾಟ್ ಎರಡು.
ತುಳಜನಸಾ ಓದಿ ನಕ್ಕ,
ಎಂಟು ತಿಂಗಳಾಗಿತ್ತು ಅಂವ ನಕ್ಕು.
ಊರು ನಮಗಿಟ್ಟ ಹೆಸರಿಗಿಂತ ಇದು ಛಲೋ,
ಕುದಿಸಿದ್ರ ಬೇಯತೈತಿ, ಅಂದ.

ನಸಿಕಿನ್ಯಾಗ ಭೀಷ್ಮ ಕೆರಿ ಸುತ್ತ ನಡದ್ವಿ.
ನನ್ನ ತೇಕು ಕೇಳಿ ನಾಯಿ ಎದ್ದು ಕುಂತವು.
ಸಂಜಿಗೆ ಮಿರ್ಚಿ ಬಜಿ ಬಂಡಿ ಬಂದ್ರ
ನನಗೂ ಕಡಾಯಿಗೂ ನಡುವ ದಾವಲ ಗ್ವಾಡಿ ಆಗ್ತಾನ;
ಅದ ಬಂಡಿ ಮುಂದ ತುಳಜನಸಾನ್ನ ನಿಂದರಿಸಿ
ತಿನ್ನು, ನಾ ಎಣಸ್ತೇನಿ, ಅಂತಾನ.
ಒಂದ ಡಬ್ಬಿಯಾಗ ನನಗ ಮೊಳಕಿಕಾಳು, ಅವಗ ಶೇಂಗಾ ಉಂಡಿ.
ಒಂದು ವಾರ ನಾ ಮೂರು ಕೇಜಿ ಏರಿದೆ,
ತಂಗಿ ಮನಿ ಹೋಳಗಿ, ಮತ್ತ ಬ್ಯಾರೆ ಒಂದು ದುಃಖ.
ಯಾರೂ ಏನೂ ಕೇಳಲಿಲ್ಲ.
ತಾರೀಖು ತಪ್ಪಿಸಬ್ಯಾಡ, ಬರಿ, ಅಂದ ದಾವಲ.

ದೀಪಾವಳಿ ಪೂಜಾಕ್ಕ ಸಾಹುಕಾರ್ರು ಪುಸ್ತಕ ತಗದ್ರು.
ಚಷ್ಮಾ ಏರಿಸಿ,
ಗುರುಪಾದಾ, ಈ ಹೆಸರು ಯಾರದೋ?
ಒಂದನೇ ಲಾಟು ವಾರಾ ವಾರಾ ಸವದೈತಿ, ಇಲಿ ಬಿದ್ದಾವೇನು?
ಎರಡನೇದು ಏರಾಕತ್ತೈತಿ, ನೀರ ಹೊಡದಿಯೇನು?
ಹತ್ತು ತಿಂಗಳಾತು, ಮಾರೂದಿಲ್ಲೇನ?
ನನ್ನ ನಾಲಿಗಿ ಒಣಗಿತು.
ಮಾರಾಕ ಅಲ್ರೀ. ನಮ್ಮವ್ರದು. ಇಡಾಕ ಕೊಟ್ಟಾರ.
ಅವರು ನನ್ನ ಬೆಲ್ಟು ನೋಡಿದ್ರು,
ಮೊಳಿ ಬಡದು ಮಾಡಿದ ಹೊಸಾ ತೂತು ನೋಡಿದ್ರು,
ಮತ್ತ ಪುಸ್ತಕ.
ಕುಂಕುಮದ ಬೆರಳಲೆ ಹಾಳಿ ತಿರುವಿ
ನಮ್ಮ ಕಾಟಾ ಸುಳ್ಳು ಹೇಳಾಂಗಿಲ್ಲಪಾ, ಅಂದ್ರು.
ತಿಳೀತೋ ಇಲ್ಲೋ, ಇವತ್ತಿಗೂ ನನಗ ತಿಳದಿಲ್ಲ.

ಇವತ್ತು ನಾ ತೊಂಬತ್ತೊಂದು. ತುಳಜನಸಾ ಐವತ್ತೆರಡೂವರಿ.
ನೀನೂ ಹತ್ತೋ, ಅಂದೆ ದಾವಲಗ.
ಬ್ಯಾಡ, ಹೆಗಲ ಮ್ಯಾಲೆ ಏನೇನೋ ಐತಿ, ಅದೂ ತೂಗತೈತಿ.
ತುಳಜನಸಾ ಕಾಟಾದಿಂದ ಇಳೀಲಿಲ್ಲ,
ಸರದು ಜಾಗಾ ಮಾಡಿ ಕೈ ಚಾಚಿದ.
ಹಳೇ ಪೈಲ್ವಾನ ಒಂದು ಕಾಲು ಇಟ್ಟ. ಇನ್ನೊಂದು.
ಕೆಂಪು ಅಂಕಿ ಓಡಿ ಓಡಿ ನಿಂತಿತು.
ಐವತ್ತೆರಡೂವರಿ ಕಳದ್ರ ನಿಂದು ಸಿಗತೈತಿ, ಅಂದೆ.
ಕಳೀಬ್ಯಾಡ, ಅಂದ. ಹಂಗ ಬರಿ.
ಪೆನ್ನು ಇಲ್ಲೇ ಎಲ್ಲೋ ಕಾಳಿನಾಗ ಬಿದ್ದೈತಿ,
ಹುಡುಕಾಕತ್ತೀನಿ.
ಅವ್ರು ಇನ್ನೂ ಇಳದಿಲ್ಲ.